ದತ್ತು ತೆಗೆದುಕೊಂಡ ಬೀದಿ

ಯೂನಿವರ್ಸಿಟಿಯ ಹಿಂದಿನ ಗೋಡೆಗೆ ಬೆನ್ನು ಕೊಟ್ಟು ನಿಂತ ಮನೆಗಳ ಬೀದಿ ಅದು. ಗೋಡೆಯ ಬುಡದಲ್ಲಿ ಒಂದು ತೂತು. ಹಾಸ್ಟೆಲಿನವರು ಮಿಂದ ನೀರು, ತಟ್ಟೆ ತೊಳೆದ ನೀರು ಎಲ್ಲ ಆ ತೂತಿನಿಂದ ಇಳಿದು ಬೀದಿಯ ಚರಂಡಿಗೆ ಬರುತ್ತಿತ್ತು. ಜ್ಞಾನ ಗೋಡೆಯ ಆಚೆಗೇ ಉಳಿಯುತ್ತಿತ್ತು, ಬಚ್ಚಲು ಮಾತ್ರ ಈಚೆಗೆ ಹರಿಯುತ್ತಿತ್ತು. ಜೋರು ಮಳೆ ಹಿಡಿದರೆ ದೊಡ್ಡಕ್ಕನ ಹೊಸಿಲಿನವರೆಗೂ ಸೋಪಿನ ನೊರೆ. ಅವಳು ಗೋಣಿಚೀಲಕ್ಕೆ ಮಣ್ಣು ತುಂಬಿ ಬಾಗಿಲಿಗೆ ಅಡ್ಡ ಇಟ್ಟು ಒಳಗೆ ಮಕ್ಕಳನ್ನು ಮಂಚದ ಮೇಲೆ ಹತ್ತಿಸಿ ಕೂರುತ್ತಿದ್ದಳು.

ಬೀದಿಗೆಲ್ಲ ಅವಳು ದೊಡ್ಡಕ್ಕ. ಗೋಡೆಯ ಆಚೆ ಅವಳು ಕಸದವಳು. ಬೀದಿಯ ಹೆಂಗಸರೆಲ್ಲ ಹೆಚ್ಚುಕಮ್ಮಿ ಅದೇ ಕೆಲಸದವರು. ಕಂಟ್ರಾಕ್ಟಿನ ಕೆಲಸ. ಮೇಸ್ತ್ರಿ "ನಾಳೆಯಿಂದ ಬರಬೇಡ" ಅಂದರೆ ಅಲ್ಲಿಗೆ ಮುಗಿಯಿತು. ಆದರೆ ಅವರ ಬೀದಿಯಲ್ಲಿ ಹುಡುಕಿದರೂ ಒಂದು ಕಡ್ಡಿ ಸಿಗುತ್ತಿರಲಿಲ್ಲ. ಕೆಲಸಕ್ಕೆ ಹೋಗುವ ಮುಂಚೆ ತಂತಮ್ಮ ಬಾಗಿಲು ಗುಡಿಸಿಯೇ ಹೊರಡುವವರು. ದೊಡ್ಡಕ್ಕನ ಅತ್ತೆ ಜಗಲಿಯ ಮೇಲೆ ಕೂತು ಕಾವಲು. ಅವಳೂ ಸೊಂಟ ಬೀಳುವವರೆಗೆ ಯೂನಿವರ್ಸಿಟಿ ಗುಡಿಸಿದವಳೇ.

"ಊರ ಕಸ ಹೊಡೆಯೋರ ಬಾಗಿಲಲ್ಲಿ ಕಸ ಬಿದ್ದಿದ್ರೆ ಜನ ಎಲ್ಲಿಂದ ನಗ್ತಾರೆ ಗೊತ್ತೇನೇ?" ಎಂದು ದಿನಾ ಕೇಳುತ್ತಿದ್ದಳು.

ಇಂಥ ಬೀದಿಗೆ ಒಂದು ಬೆಳಗ್ಗೆ ಯೂನಿವರ್ಸಿಟಿಯ ಪ್ರೊಫೆಸರೊಬ್ಬರು ಬಂದರು. ಬಾಯಿ ತೆರೆದರೆ ಸಮಾಜ, ಮುಚ್ಚಿದರೆ ಸಮಾಜ. ಹಾಗಾಗಿ ಗುಡಿಸುವ ಹೆಂಗಸರು ಅವರಿಗೆ 'ಸಮಾಜ ಸಾಹೇಬರು' ಎಂದು ಯಾವತ್ತೋ ಹೆಸರಿಟ್ಟಾಗಿತ್ತು. ಬೀದಿಯ ತುದಿಯಲ್ಲಿ ಒಂದು ಬೋರ್ಡು ನೆಡಿಸಿದರು. 'ಈ ಬೀದಿಯನ್ನು ವಿಶ್ವವಿದ್ಯಾಲಯ ದತ್ತು ತೆಗೆದುಕೊಂಡಿದೆ.'

"ಇನ್ಮೇಲೆ ನೀವು ಬೇರೆ ಅಲ್ಲ, ನಾವು ಬೇರೆ ಅಲ್ಲ. ವಿದ್ಯೆ ನಾಲ್ಕು ಗೋಡೆ ಒಳಗೆ ಕೂರಬಾರದು. ಸಮಾಜದ ಹತ್ರ ಬರಬೇಕು" ಎಂದರು ಸಾಹೇಬರು. ಮೇಸ್ತ್ರಿ ಕಣ್ಣು ಬಿಟ್ಟ. ಹೆಂಗಸರು ಚಪ್ಪಾಳೆ ತಟ್ಟಿದರು.

"ಅಲ್ಲಾ, ದತ್ತು ತಗೊಳ್ಳೋ ಮುಂಚೆ ಮಗೂನ ಒಂದು ಮಾತು ಕೇಳಲ್ವಾ?" ಎಂದಳು ಅತ್ತೆ ಮೆಲ್ಲಗೆ.

"ಕೋಳೀನ ಕೇಳಿ ಮಸಾಲೆ ಅರೀತಾರಾ ಅತ್ತೆ? ಸುಮ್ನಿರಿ" ಎಂದಳು ದೊಡ್ಡಕ್ಕ.

ಅತ್ತೆ ಸುಮ್ಮನಿರುವ ಪೈಕಿ ಅಲ್ಲ. "ಸ್ವಾಮಿ, ದತ್ತು ಮಕ್ಕಳಿಗೆ ಮನೇಲಿ ಪಾಲು ಇರುತ್ತೆ ಅಲ್ವಾ?" ಎಂದು ಗಟ್ಟಿಯಾಗಿಯೇ ಕೇಳಿದಳು.

ಸಾಹೇಬರಿಗೆ ಖುಷಿಯೋ ಖುಷಿ. "ಇರುತ್ತೆ ಅಜ್ಜಿ, ಖಂಡಿತ ಇರುತ್ತೆ! ನಮ್ಮನೆ ಅಂದ್ರೆ ನಿಮ್ಮನೆ!" ಈ ಸಲ ಮೇಸ್ತ್ರಿ ಕಣ್ಣು ಬಿಡದೆಯೇ ಚಪ್ಪಾಳೆ ಬಿತ್ತು.

ತಿಂಗಳೊಪ್ಪತ್ತು ಯಾರ ಸುಳಿವೂ ಇಲ್ಲ. ಗೋಡೆಯ ತೂತು ತೂತಾಗಿಯೇ ಇತ್ತು. ಆಮೇಲೆ ಒಂದು ಸಂಜೆ ಮೇಸ್ತ್ರಿ ಬೆವರು ಒರೆಸಿಕೊಳ್ಳುತ್ತ ಬಂದ.

"ನಾಳೆ ಸ್ಟೂಡೆಂಟ್ಸು ನಿಮ್ಮ ಬೀದಿ ಗುಡಿಸೋಕೆ ಬರ್ತಾರೆ."

"ಗುಡಿಸೋಕೆ ಇಲ್ಲಿ ಏನಿದೆ?" ಎಂದಳು ದೊಡ್ಡಕ್ಕ.

"ಅದೇ ಬಂದಿರೋ ಕಷ್ಟ. ಸಾಹೇಬ್ರು ನಿನ್ನೆ ಬಂದು ನೋಡಿ ತಲೆ ಮೇಲೆ ಕೈ ಹೊತ್ಕೊಂಡು ಕೂತಿದಾರೆ. ಫೋಟೋಗೆ ಕಸ ಬೇಕು. ಕ್ಯಾಂಪಸ್ಸಿನ ಕಸದ ಗಾಡಿ ಇದೆಯಲ್ಲ, ಅದನ್ನ ಇತ್ತ ತಿರುಗಿಸಿ ಬೀದಿಗೆ ಸುರಿ."

"ನಮ್ಮ ಬಾಗಿಲಿಗೆ ನಾವೇ ಕಸ ಸುರೀಬೇಕಾ?"

"ಸುರೀದಿದ್ರೆ ನಾಳೆಯಿಂದ ಬರಬೇಡ."

ಸುರಿದರು. ತಾನು ಉಣ್ಣುವ ತಟ್ಟೆಗೆ ತಾನೇ ಉಗುಳಿದ ಹಾಗಾಯಿತು ದೊಡ್ಡಕ್ಕನಿಗೆ. ಆಯುಸ್ಸೆಲ್ಲ ಎತ್ತಿದ ಕೈಯಲ್ಲಿ ಹೀಗೆ ಚೆಲ್ಲಬೇಕಾಯಿತಲ್ಲ ಎಂದು ಅಳು ಬಂತು. ಅತ್ತೆ ಜಗಲಿ ಬಿಟ್ಟು ಒಳಗೆ ಹೋಗಿ ಗೋಡೆ ಕಡೆ ಮುಖ ಮಾಡಿ ಮಲಗಿಬಿಟ್ಟಳು.

ಮರುದಿನ ಕೈಗೆ ಗವುಸು, ತಲೆಗೆ ಟೋಪಿ, ಹೊಸ ಪೊರಕೆ ಹಿಡಿದ ಸೈನ್ಯ ಬಂತು. ಪೊರಕೆಯ ಪ್ಲಾಸ್ಟಿಕ್ಕನ್ನೂ ಬಿಚ್ಚಿರಲಿಲ್ಲ. ಕ್ಯಾಮೆರಾದವನು ಒಳ್ಳೆಯ ಕಸ ಹುಡುಕುತ್ತ ದೊಡ್ಡಕ್ಕನ ಬಾಗಿಲಿಗೇ ಬಂದು ನಿಂತ. ಸಾಹೇಬರು ಸೊಂಟ ಬಗ್ಗಿಸಿದರು. ಕ್ಯಾಮೆರಾದವನು ಇನ್ನೊಂದು ಸಲ ಅಂದ. ಇನ್ನೊಂದು ಸಲ ಬಗ್ಗಿಸಿದರು.

ಕನ್ನಡಕದ ಹುಡುಗಿಯೊಬ್ಬಳು ಮಾತ್ರ ನಿಜವಾಗಿ ಗುಡಿಸುತ್ತಿದ್ದಳು. ರಾಶಿಯಿಂದ ಒಂದು ಬಣ್ಣದ ಕಾಗದ ಎತ್ತಿಕೊಂಡು ಹುಬ್ಬು ಗಂಟಿಕ್ಕಿದಳು. "ಆಂಟಿ, ಇದು ನಮ್ಮ ಡಿಪಾರ್ಟ್‌ಮೆಂಟಿನ ಸೆಮಿನಾರ್ ಕರೆಪತ್ರ. ಇಲ್ಲಿಗೆ ಹೇಗೆ ಬಂತು?"

"ನಡ್ಕೊಂಡೇ ಬಂತಮ್ಮ. ಸಮಾಜ ಸೇವೆಗೆ" ಎಂದಳು ದೊಡ್ಡಕ್ಕ.

ಹುಡುಗಿ ನಗಲಿಲ್ಲ. ಕಾಗದವನ್ನು ಮಡಚಿ ಜೇಬಿಗೆ ಇಟ್ಟುಕೊಂಡಳು. ಅಷ್ಟರಲ್ಲಿ ಬಸ್ಸಿನ ಹಾರನ್ನು ಕೇಳಿ ಎಲ್ಲರೂ ಹತ್ತಿ ಹೊರಟರು. ಮುಕ್ಕಾಲು ಕಸ ಅಲ್ಲೇ ಉಳಿದಿತ್ತು. ಬಳಿದು ಹಾಕಿದವರು ಯಾರು ಅಂತ ಬೇರೆ ಹೇಳಬೇಕೆ?

ಮುಂದಿನ ವಾರ ನಗರಸಭೆಯ ಅಧಿಕಾರಿ ಬಂದ. ಮನೆಗಳ ಗೋಡೆಗೆಲ್ಲ ಕೆಂಪು ಗುರುತು ಹಾಕಿಸಿದ. ಈ ಬೀದಿ ಮನುಷ್ಯರ ವಾಸಕ್ಕೆ ಯೋಗ್ಯ ಅಲ್ಲ, ತಿಂಗಳೊಳಗೆ ಖಾಲಿ ಮಾಡಬೇಕು ಎಂದ.

"ಯೋಗ್ಯ ಅಲ್ಲ ಅಂತ ಯಾರು ಹೇಳಿದ್ದು?" ಎಂದಳು ದೊಡ್ಡಕ್ಕ.

"ಯೂನಿವರ್ಸಿಟಿಯವರೇ ತೋರಿಸಿದಾರಲ್ಲಮ್ಮ." ಮೊಬೈಲಿನಲ್ಲಿ ಫೋಟೋ ಹಿಡಿದ. "ನೋಡು, ಇದು ನಿನ್ನ ಬಾಗಿಲು ತಾನೆ?"

"ಬಾಗಿಲು ನಂದು ಸಾರ್. ಕಸ ಯೂನಿವರ್ಸಿಟೀದು."

ಅಧಿಕಾರಿ ಕೇಳಿಸದವನ ಹಾಗೆ ಮುಂದಿನ ಮನೆಗೆ ನಡೆದ. ಖಾಲಿಯಾದ ಜಾಗದಲ್ಲಿ ಏನು ಬರುತ್ತೆ ಅಂದರೆ, ಯೂನಿವರ್ಸಿಟಿಯದೇ ಹೊಸ ಕಟ್ಟಡ. ಅದರ ಹೆಸರು ಸಮಾಜ ಪರಿವರ್ತನಾ ಕೇಂದ್ರ.

ದೊಡ್ಡಕ್ಕ ಸಾಹೇಬರ ಕೋಣೆಗೆ ಹೋದಳು. ದಿನಾ ಒರೆಸುತ್ತಿದ್ದ ಕೋಣೆ. ಪೊರಕೆ ಇಲ್ಲದೆ ಒಳಗೆ ಕಾಲಿಟ್ಟದ್ದು ಅದೇ ಮೊದಲು.

"ಬೇಜಾರು ಮಾಡ್ಕೋಬೇಡಮ್ಮ" ಎಂದರು ಸಾಹೇಬರು. "ಸಮಾಜ ಬದಲಾಗಬೇಕು ಅಂದ್ರೆ ಸಣ್ಣಪುಟ್ಟ ತ್ಯಾಗ ಮಾಡಬೇಕಾಗುತ್ತೆ."

"ಸಮಾಜ ಬದಲಾಗ್ಲಿ ಸಾರ್. ನಮ್ಮ ಜಾಗ ಯಾಕೆ ಬದಲಾಗ್ಬೇಕು? ನಾವು ಎಲ್ಲಿಗೆ ಹೋಗೋಣ?"

ಸಾಹೇಬರ ಮುಖ ಅರಳಿತು. "ಒಳ್ಳೇ ಪ್ರಶ್ನೆ! ನೀವು ಎಲ್ಲಿಗೆ ಹೋಗ್ತೀರಿ, ಹೋದ್ಮೇಲೆ ಹೇಗಿರ್ತೀರಿ, ಎಲ್ಲಾನೂ ನಮ್ಮ ವಿದ್ಯಾರ್ಥಿಗಳು ಅಧ್ಯಯನ ಮಾಡ್ತಾರೆ."

ದೊಡ್ಡಕ್ಕ ಮನೆಗೆ ಬಂದು ಹೇಳಿದಾಗ ಬೀದಿಯವರೆಲ್ಲ ಜಗಲಿಯ ಸುತ್ತ ನಿಂತಿದ್ದರು. ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಇಷ್ಟು ದಿನ ಮೂಗಿಗೆ ಸವರಿದ ತುಪ್ಪದ ವಾಸನೆ ಈಗ ಸರಿಯಾಗಿ ಬಡಿಯುತ್ತಿತ್ತು.

ಅತ್ತೆ ಬೀದಿಯ ತುದಿ ನೋಡಿದಳು. "ಆ ಬೋರ್ಡು ಇನ್ನೂ ಇದೆಯಲ್ಲ?"

"ಇದೆ. ಅದನ್ನ ಕಟ್ಕೊಂಡು ಏನ್ ಮಾಡೋದು ಅತ್ತೆ?"

"ಏನ್ ಮಾಡೋದಾ? ಬೋರ್ಡು ಇದೆ ಅಂದ್ಮೇಲೆ ದತ್ತು ರದ್ದಾಗಿಲ್ಲ ಕಣೇ. ಇದ್ದ ಮನೆ ಹೋದ್ರೆ ಮಕ್ಕಳು ಎಲ್ಲಿಗೆ ಹೋಗ್ತಾರೆ? ಹೆತ್ತೋರ ಹತ್ರ. ಹೆತ್ತೋರು ಇಲ್ದಿದ್ರೆ ದತ್ತು ತಗೊಂಡೋರ ಹತ್ರ."

ಮೊದಲು ಯಾರೋ ನಕ್ಕರು. ಆಮೇಲೆ ಯಾರೂ ನಗಲಿಲ್ಲ.

ಸಾಹೇಬರಿಗೆ ಸಮಾಜ ಸೇವೆಯ ಪ್ರಶಸ್ತಿ ಕೊಡುವ ದಿನ ದೊಡ್ಡ ಸಭಾಂಗಣ ತುಂಬಿತ್ತು. ವೇದಿಕೆಯ ಹಿಂದೆ ಎರಡಾಳೆತ್ತರದ ಎರಡು ಫೋಟೋ. ಒಂದರ ಕೆಳಗೆ 'ಮೊದಲು', ಇನ್ನೊಂದರ ಕೆಳಗೆ 'ನಂತರ'. ಕುಲಪತಿಗಳು ಶಾಲು ಬಿಡಿಸುತ್ತಿದ್ದರು. ಆಗ ಬಾಗಿಲು ತೆರೆದುಕೊಂಡಿತು.

ಇಡೀ ಬೀದಿ ಒಳಗೆ ಬಂತು. ಪಾತ್ರೆ, ಕೊಡ, ಸ್ಟೌವು, ಹಾಸಿಗೆ ಸುರುಳಿ, ಕಂಕುಳಲ್ಲಿ ಮಕ್ಕಳು. ಅತ್ತೆಯನ್ನು ಮಂಚದ ಸಮೇತ ನಾಲ್ವರು ಹೊತ್ತು ತಂದರು. ಬೋರ್ಡು ದೊಡ್ಡಕ್ಕನ ಹೆಗಲ ಮೇಲಿತ್ತು.

"ಏ, ಎಲ್ಲಿಗೆ ನುಗ್ತಿದೀಯ?" ಎಂದು ಮೇಸ್ತ್ರಿ ಅಡ್ಡ ಬಂದ.

"ಮನೆಗೆ" ಎಂದಳು ದೊಡ್ಡಕ್ಕ.

ವೇದಿಕೆಯ ಕೆಳಗೆ ಮಂಚ ಇಳಿಸಿದರು. ಸುತ್ತ ಚಾಪೆ ಹಾಸಿದರು. ಕುಲಪತಿಗಳು ಶಾಲು ಕೈಯಲ್ಲೇ ಹಿಡಿದು, "ಯಾರಿವರೆಲ್ಲ?" ಎಂದರು.

"ನಿಮ್ಮ ದತ್ತು ಮಕ್ಕಳು ಸಾರ್. ಪಾಲಿಗೆ ಬಂದಿದೀವಿ" ಎಂದಳು ದೊಡ್ಡಕ್ಕ.

ಸಾಹೇಬರು ಓಡಿ ಬಂದು ಬಗ್ಗಿದರು. ಈ ಸಲ ಕ್ಯಾಮೆರಾದವನು ಹೇಳಿರಲಿಲ್ಲ. "ಅಮ್ಮಾ, ಅದು ಮಾತಿಗೆ ಹೇಳಿದ್ದು!"

"ನಾವೂ ಆ ಮಾತಿಗೇ ಬಂದಿರೋದು ಸ್ವಾಮಿ" ಎಂದಳು ಅತ್ತೆ.

ಹಿಂದಿನ ಸಾಲಿನಿಂದ ಕನ್ನಡಕದ ಹುಡುಗಿ ಎದ್ದಳು. ಮಡಚಿದ ಬಣ್ಣದ ಕಾಗದ ಎತ್ತಿ ಹಿಡಿದಳು. "ಸಾರ್, ಆ 'ಮೊದಲು' ಫೋಟೋದಲ್ಲಿರೋ ಕಸ ನಮ್ಮದು!" ಎಂದು ಕೂಗಿ, ಬಂದು ಚಾಪೆಯ ಮೇಲೆ ಕೂತಳು. ಅವಳ ಹಿಂದೆ ಇನ್ನೂ ಕೆಲವರು ಎದ್ದು ಬಂದರು.

ಕುಲಪತಿಗಳ ಮುಖ ಕೆಂಪಾಯಿತು. "ಮೇಸ್ತ್ರೀ, ಇದನ್ನೆಲ್ಲ ಮೊದಲು ಕ್ಲೀನ್ ಮಾಡ್ಸು! ಕರಿ ನಿನ್ನ ಜನಾನ!"

ಮೇಸ್ತ್ರಿ ಬಾಗಿಲಿನ ಕಡೆ ತಿರುಗಿ ಕೂಗಿದ. ಯಾರೂ ಬರಲಿಲ್ಲ. ಇನ್ನೊಂದು ಸಲ ಕೂಗಿದ. ಆಮೇಲೆ ಚಾಪೆಗಳ ಕಡೆ ನೋಡಿದ. ಕ್ಲೀನ್ ಮಾಡುವವರೆಲ್ಲ ಅಲ್ಲೇ ಚಕ್ಕಳಮಕ್ಕಳ ಹಾಕಿ ಕೂತು ಅವನನ್ನೇ ನೋಡುತ್ತಿದ್ದರು.

"ಹಾಗೇ ನಿಂತ್ಕೊಂಡು ಏನ್ ನೋಡ್ತೀಯಪ್ಪ?" ಎಂದಳು ಅತ್ತೆ, ಮಂಚದ ಮೇಲೆ ಕಾಲು ಚಾಚುತ್ತ. "ಪೊರಕೆ ಮೂಲೇಲಿದೆ. ನಮ್ಮನೆ ಕಸ ನೀನೇ ಹೊಡಿ."