ಬಣ್ಣ ಹೊಡೆದ ಗಿಟಾರು

"ಮುಖ ನೋಡ್ಕೋಬಹುದು, ಅಷ್ಟು ಹೊಳಪು ತಂದಿದೀನಿ," ಎಂದು ಮೇಸ್ತ್ರಿ ಗಿಟಾರನ್ನು ಮೇಜಿನ ಮೇಲೆ ಮಲಗಿಸಿದ. ಗಾಡಿಗಳಿಗೆ ಬಣ್ಣ ಹೊಡೆಯುವುದರಲ್ಲಿ ಅವನದು ಎತ್ತಿದ ಕೈ. ಅದನ್ನು ತಾನೇ ಹೇಳಿಕೊಳ್ಳುವುದರಲ್ಲಿಯೂ ಅಷ್ಟೇ.

ಕೊಳ್ಳಲು ಬಂದಿದ್ದ ವಾದಕ ತಂತಿ ಸಡಿಲಿಸಿ ಹಿಂದಿನ ಸ್ಕ್ರೂಗಳನ್ನು ಬಿಚ್ಚತೊಡಗಿದ.

"ಹಳೇ ಕಾಲದ್ದು, ಅಸಲಿ ಅಂತ ಮಗ ತಂದಿದ್ದ. ಬೆಳ್ಳಗಿರೋದೆಲ್ಲ ಹಾಲಲ್ಲ ಕಣೋ, ಯಾರೋ ನಿಂಗೆ ಚೆನ್ನಾಗಿ ಟೋಪಿ ಹಾಕಿದಾರೆ ಅಂದೆ. ಅವತ್ತಿಂದ ನನ್ನ ಹತ್ರ ಮಾತು ಬಿಟ್ಟ," ಎಂದ ಮೇಸ್ತ್ರಿ.

ಮಾತು ಬಿಟ್ಟ ಮಗ ಹಾಗೆಯೇ ಜ್ವರದಲ್ಲಿ ಹೋಗಿಬಿಟ್ಟಿದ್ದ. ನುಡಿಸುವವರ ಕೈಗಾದರೂ ಸೇರಲಿ ಎಂದು ತಾಯಿ ಹಟ ಹಿಡಿದಿದ್ದಕ್ಕೆ ವಾದಕನನ್ನು ಕರೆಸಿದ್ದರು. ಮೇಸ್ತ್ರಿಗೆ ಬೇಕಾಗಿದ್ದದ್ದು ಬೇರೆ. ಮಗ ಮೋಸ ಹೋಗಿದ್ದನೋ ಇಲ್ಲವೋ, ಬಲ್ಲವರ ಬಾಯಲ್ಲಿ ಒಂದು ಸಲ ಕೇಳಬೇಕಿತ್ತು.

ಗಿಟಾರಿನ ಕತ್ತು ಕಳಚಿ ಬಂತು. ಬುಡದಲ್ಲಿ ತಯಾರಿಸಿದವರು ಪೆನ್ಸಿಲಿನಲ್ಲಿ ಬರೆದ ತಾರೀಕು ಮಾಸಿತ್ತು. ಬಣ್ಣ ಹೊಡೆಯುವಾಗ ಕತ್ತು ಬಿಚ್ಚಲು ಮೇಸ್ತ್ರಿಗೆ ಧೈರ್ಯವಾಗಿರಲಿಲ್ಲ. ಹಾಗಾಗಿ ಅದು ಕೂತಿದ್ದ ಗುಳಿಯಲ್ಲಿ ಮೊದಲಿನ ಬಣ್ಣ ಉಳಿದಿತ್ತು, ಹಳೆಯ ಹಲ್ಲಿನಂತೆ ಹಳದಿಗಟ್ಟಿ. ವಾದಕ ಟಾರ್ಚ್ ಹಿಡಿದು ಬಹಳ ಹೊತ್ತು ನೋಡಿದ. ಮುಚ್ಚಳ ತೆಗೆದು ಒಳಗಿನ ವೈರುಗಳ ಬೆಸುಗೆಗಳನ್ನೂ ನೋಡಿದ.

"ಅಸಲಿನೇ," ಎಂದ. "ನಿಮ್ಮ ಹುಡುಗ ಮೋಸ ಹೋಗಿಲ್ಲ ಯಜಮಾನ್ರೇ."

ಮೇಸ್ತ್ರಿ ಕುರ್ಚಿ ತಡಕಿಕೊಂಡು ಕೂತ. ಬಾಗಿಲಲ್ಲಿದ್ದ ಹೆಂಡತಿ ಕಣ್ಣೊರೆಸಿಕೊಂಡಳು.

"ಆದ್ರೆ ಮೇಲಿನ ಬಣ್ಣ ಯಾಕೆ ತೆಗೆದ್ರಿ? ಇಲ್ಲಿ ಮುಂಗೈ ಊರೋ ಕಡೆ ಸವೆದಿರ್ಬೇಕಿತ್ತಲ್ಲ."

"ತಂದಾಗ ಒಂಚೂರು ಸವೆದಿತ್ತು," ಎಂದಳು ಹೆಂಡತಿ. "ಮಿಕ್ಕಿದ್ದು ಅವನೇ ನುಡಿಸಿ ನುಡಿಸಿ ಸವೆಸಿದ್ದು. ಮರ ಕಾಣ್ತಿತ್ತು."

"ಅಸಹ್ಯ ಕಾಣ್ತಿತ್ತು," ಎಂದ ಮೇಸ್ತ್ರಿ. ಅವನ ದನಿ ಇಳಿದಿತ್ತು. "ಅವನು ಹೋದ್ಮೇಲೆ ನಾನೇ ಪೂರ್ತಿ ಉಜ್ಜಿ ತೆಗೆದು ಹೊಡೆದೆ. ಅವನಿಗೆ ಅಂತ ನಾನು ಮಾಡಿದ್ದು ಅದೊಂದೇ."

ವಾದಕ ಕತ್ತನ್ನು ಮತ್ತೆ ಕೂರಿಸಿ ಸ್ಕ್ರೂ ಬಿಗಿದ. "ಬೇಜಾರು ಮಾಡ್ಕೋಬೇಡಿ. ಹಳೇ ಬಣ್ಣ, ಸವೆತ ಎಲ್ಲ ಹೋದ್ಮೇಲೆ ನನಗೆ ಬೇಡ," ಎಂದು ಮೆಲ್ಲಗೆ ಹೇಳಿ ಹೊರಟುಹೋದ.

ಮೇಸ್ತ್ರಿ ಉಪ್ಪುಕಾಗದದ ಚೂರೊಂದನ್ನು ಕೈಗೆತ್ತಿಕೊಂಡು, ಹಾಗೆಯೇ ಕೆಳಗಿಟ್ಟ. ಅಡಿಯಲ್ಲಿ ಏನೂ ಉಳಿದಿಲ್ಲ ಎಂಬುದು ಅವನಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಅರ್ಧಂಬರ್ಧ ಕೆಲಸ ಅವನ ಜಾಯಮಾನವೇ ಅಲ್ಲ.

"ಸರಿಯಾಗಿ ಎಲ್ಲಿತ್ತೇ ಆ ಸವೆದ ಜಾಗ?"

ಅವಳು ಬಂದು ಹೊಳೆಯುವ ಅಂಚಿನ ಮೇಲೆ ಮುಂಗೈ ಊರಿದಳು. "ಇಲ್ಲಿ."

ಕೈ ತೆಗೆದಾಗ ಬೆವರಿನ ಮಬ್ಬು ಅಲ್ಲಿ ಒಂದು ಗಳಿಗೆ ನಿಂತಿತು. ಆಮೇಲೆ ಅಂಚಿನಿಂದ ಆರುತ್ತ ಬಂತು. ಇಬ್ಬರೂ ಅದನ್ನೇ ನೋಡುತ್ತ ನಿಂತರು.