ಶಾಲೆಯಲ್ಲಿ ಎರಡೂ ಹಬ್ಬದ ಹಾಡು

ಮುದಗಲ್ಲಿನಲ್ಲಿ ಬಳೆ ಮಾರುವ ಹಸೀನಾಬೀ ಒಂದು ಬೆಳಿಗ್ಗೆ ಮಗಳು ಜೈನಾಬೀಯನ್ನು ಶಾಲೆಗೆ ಕಳಿಸಲಿಲ್ಲ. ಅದು ೧೯೫೨ನೆಯ ಇಸವಿ. ಆ ವರ್ಷ ದಸರಾ, ಮೊಹರಂ ಹತ್ತಿರ ಹತ್ತಿರವೇ ಬಂದಿದ್ದವು. ರಜೆಗೆ ಮುಂಚೆ ಸರ್ಕಾರಿ ಶಾಲೆಯಲ್ಲಿ ಹಾಡಿನ ಕಾರ್ಯಕ್ರಮವಿತ್ತು.

ಪಕ್ಕದ ಮನೆಯ ಪಾರ್ವತೆಮ್ಮ ಕೇಳಿದಳು: "ಯಾಕ ಹಸೀನಾ, ಜೈನಾ ಸಾಲಿಗಿ ಹೋಗಿಲ್ಲ? ಮೈಯಾಗ ಆರಾಮಿಲ್ಲೇನು?"

"ಆರಾಮ ಅದಾಳಕ್ಕಾ. ಸಾಲ್ಯಾಗ ದೇವಿ ಆರತಿ ಕಲಸಾಕತ್ತಾರಂತ. ನಮ್ಮ ಹುಡುಗಿ ಅದನ್ಯಾಕ ಹಾಡಬೇಕು? ಗಲಾಟಿಯಾಗ ಗಂಡನ್ನ ಕಳಕೊಂಡೆ. ಇನ್ನ ನಮ್ಮ ದೀನ-ಧರ್ಮಾನೂ ಹೋಗಬೇಕೇನು?"

ನಾಲ್ಕು ವರ್ಷದ ಹಿಂದೆ ನಿಜಾಮನ ಆಳ್ವಿಕೆ ಮುಗಿದಾಗಿನ ಆ ಗಲಭೆಯ ದಿನಗಳನ್ನು ಪಾರ್ವತೆಮ್ಮನೂ ಕಂಡಿದ್ದಳು.

"ಸಾಲಿ ಮಾತ್ರ ಬಿಡಿಸಬ್ಯಾಡ. ನಡಿ, ಮಾಸ್ತರನ್ನೇ ಕೇಳಾಮು" ಎಂದಳು.

ಶಾಲೆಯಲ್ಲಿ ಹಂಪಣ್ಣ ಮಾಸ್ತರರು ಹಸೀನಾಬೀಯ ಮಾತನ್ನು ಪೂರ್ತಿ ಕೇಳಿಸಿಕೊಂಡರು.

"ನೀವು ಕೇಳಿದ್ದು ಬರೋಬರಿ ಐತವ್ವಾ. ಇದು ಸರ್ಕಾರಿ ಸಾಲಿ. ಇಲ್ಲಿ ಯಾವ ಧರ್ಮದ ಬೋಧನೀನೂ ಮಾಡಂಗಿಲ್ಲಂತ ಹೊಸ ಸಂವಿಧಾನದಾಗ ಹೇಳ್ಯಾರ. ಆರತಿ ಗುಡಿಯಾಗ ಇರಲಿ. ನಾನು ಅದನ್ನ ತಗೀತೀನಿ."

"ಹಂಗಾದ್ರ ಹಬ್ಬದ ಹಾಡೇ ಬ್ಯಾಡೇನ್ರಿ?" ಪಾರ್ವತೆಮ್ಮನಿಗೆ ಬೇಸರವಾಯಿತು.

"ಬೇಕ್ರೀ. ದಸರಾದಾಗ ಬನ್ನಿ ಎಲಿ ಹಂಚೋ ಹಾಡು ಕಲಸ್ತೀನಿ. ಪೂಜಿ ಮಾಡಿಸಾಕಲ್ಲ, ನೆರಿಮನಿಯವರ ಹಬ್ಬ ಮಕ್ಕಳಿಗಿ ತಿಳೀಲಿ ಅಂತ. ಜಬರದಸ್ತಿ ಯಾರಿಗೂ ಇಲ್ಲ. ಹಾಡಲಾರದವರು ಸುಮ್ನ ಕುಂತರೂ ಯಾರೂ ಹೀಯಾಳಿಸಂಗಿಲ್ಲ."

ಹಸೀನಾಬೀ ಇನ್ನೂ ನಂಬಲಿಲ್ಲ. "ನಮ್ಮ ಮೊಹರಂ ಪದಾನೂ ಈ ಹುಡುಗ್ರು ಹಾಡ್ತಾರೇನ್ರಿ?"

"ಕಲಸೋರು ಬೇಕಲ್ಲ! ನನಗ ಅದರ ಧಾಟಿ ಬರಂಗಿಲ್ಲ. ನೀವ ಬಂದು ಕಲಸ್ರಿ."

ಹಸೀನಾಬೀಯ ಗಂಡ ಅಲ್ಲಾಬಕ್ಷ್ ಮೊಹರಂನಲ್ಲಿ ಕನ್ನಡದ ಪದ ಹಾಡುತ್ತಿದ್ದ. ಅವನು ಹೋದ ಮೇಲೆ ಅವಳ ಬಾಯಿಂದ ಆ ಪದ ಬಂದಿರಲಿಲ್ಲ. ಮರುದಿನ ಬಳೆಬುಟ್ಟಿಯನ್ನು ಮನೆಯಲ್ಲಿಟ್ಟು, ಮಗಳನ್ನು ಕರೆದುಕೊಂಡು ಶಾಲೆಗೆ ಹೋದಳು. ಮೊದಲ ಸಾಲನ್ನು ಅರ್ಧಕ್ಕೇ ನಿಲ್ಲಿಸಿದಳು. ಅವಳು ಕಣ್ಣೊರೆಸಿಕೊಂಡು ಮತ್ತೆ ಶುರು ಮಾಡಿದಳು.

"ಬನ್ನಿ ಹಾಡು ನಾನೂ ಹಾಡ್ಲೇನಮ್ಮಾ?" ಎಂದು ಜೈನಾಬೀ ಸಂಜೆ ಕೇಳಿದಳು.

"ನಿನಗ ಮನಸಿದ್ರ ಹಾಡು."

ಕಾರ್ಯಕ್ರಮದ ದಿನ ಜೈನಾಬೀ ಎಲ್ಲರ ಜೊತೆ ಬನ್ನಿ ಹಾಡು ಹಾಡಿದಳು. ಆಮೇಲೆ ಪಾರ್ವತೆಮ್ಮನ ಮಗಳು ಪಂಪಮ್ಮ ಮೊಹರಂ ಪದ ಎತ್ತಿಕೊಂಡಳು. ಅರ್ಧಕ್ಕೆ ಧಾಟಿ ತಪ್ಪಿ, ಬೆಪ್ಪಾಗಿ ನಿಂತಳು. ಆಗ ಜನರ ನಡುವಿನಿಂದ ಒಂದು ದನಿ ಕೇಳಿತು. ಹಸೀನಾಬೀ ಎದ್ದು ನಿಂತು ಆ ಸಾಲನ್ನು ಹಾಡುತ್ತಿದ್ದಳು. ಪಂಪಮ್ಮ ದನಿಗೂಡಿಸಿದಳು, ಅವಳ ಹಿಂದೆ ಇಡೀ ಶಾಲೆ.

"ಯಾರವ್ವಾ ಆಕಿ?" ಯಾರೋ ಕೇಳಿದರು.

ಪಾರ್ವತೆಮ್ಮ ಸೆರಗು ಸರಿಮಾಡಿಕೊಂಡು ಎದೆಯುಬ್ಬಿಸಿ ಹೇಳಿದಳು: "ನಮ್ಮ ಓಣಿಯಾಕಿ. ನನ್ನ ಮಗಳಿಗಿ ಹಾಡು ಕಲಿಸಿದಾಕಿ!"

ತಾಯಿ ತಂದೆಯರೇ, ಶಾಲೆಯ ಹಾಡಿನ ಬಗ್ಗೆ ಅನುಮಾನ ಬಂದರೆ ಮಗುವನ್ನು ಮನೆಯಲ್ಲಿ ಕೂರಿಸಬೇಡಿ. ಹೋಗಿ ಕೇಳಿ, ಅದು ನಿಮ್ಮ ಹಕ್ಕು. ಮಾಸ್ತರರೇ, ಯಾವ ಮಗುವನ್ನೂ ಬಲವಂತ ಮಾಡಬೇಡಿ, ಯಾವ ಮಗುವನ್ನೂ ಹೊರಗಿಡಬೇಡಿ. ನಿಮ್ಮೂರಿನಲ್ಲಿ ಯಾರ ಹಬ್ಬದ ಹಾಡು ಇನ್ನೂ ಶಾಲೆಯ ಬಾಗಿಲು ದಾಟಿಲ್ಲ? ನಾಳೆಯೇ ಅವರನ್ನು ಕರೆಯಿರಿ.