ಲೇಹ್‌ನಿಂದ ಕನ್ನಿ ಶಾಸ್ತ್ರಕ್ಕೆ

ನೀಲಗಿರಿಯ ನಮ್ಮ ಬಡಗರಲ್ಲಿ ಮದುವೆಯ ಊಟ ಮುಗಿದ ಮಾತ್ರಕ್ಕೆ ಮದುವೆ ಮುಗಿಯುವುದಿಲ್ಲ. ಚೊಚ್ಚಲ ಬಸುರಿಗೆ ಏಳನೇ ತಿಂಗಳಲ್ಲಿ ಗಂಡ ಬಂದು, ಹತ್ತು ಜನರೆದುರು ಕೊರಳಿಗೆ ಕನ್ನಿ ಕಟ್ಟಬೇಕು. ಕನ್ನಿ ಎಂದರೆ ಬರೀ ನೂಲಿನ ಹುರಿ. ಆದರೆ ಗಂಡನ ಕೈಯೇ ಆಗಬೇಕು, ಬೇರೆ ಯಾರದೂ ನಡೆಯದು. ನನ್ನ ತಮ್ಮ ಮಾದನ್‌ನ ಮಗಳು ಕಲೈಸೆಲ್ವಿಗೆ ಅಂದು ಏಳನೇ ತಿಂಗಳ ಕೊನೆಯ ದಿನ. ಎಂಟರಲ್ಲಿ ಕಟ್ಟುವ ಹಾಗಿಲ್ಲ. ಗಂಡ ದಿನೇಶ್‌ಕುಮಾರ್ ಮಿಲಿಟರಿಯಲ್ಲಿದ್ದಾನೆ, ಲೇಹ್‌ನಲ್ಲಿ. ಅಲ್ಲಿ ಮೋಡ ಕವಿದು ಎರಡು ದಿನ ವಿಮಾನವೇ ಏಳಲಿಲ್ಲ.

“ಮಿಲಿಟರಿಯವನಿಗೆ ಹೆಣ್ಣು ಕೊಡಬೇಡ ಅಂತ ಬಡ್ಕೊಂಡೆ, ಕೇಳಿದ್ಯಾ?” ಎಂದು ಬೆಳಿಗ್ಗೆಯಿಂದ ಮಾದನ್‌ನನ್ನು ಹುರಿದು ಮುಕ್ಕುತ್ತಿದ್ದೆ.

“ಇವತ್ತು ಹತ್ತಿದಾನೆ ಮಾಮಿ,” ಎಂದ ಕಲೈಸೆಲ್ವಿಯ ಅಣ್ಣ ಕಣ್ಣನ್, ಫೋನು ತೋರಿಸುತ್ತ. “ದೆಹಲಿಗೆ ಒಂದೂವರೆ ಗಂಟೆ, ಅಲ್ಲಿಂದ ಕೊಯಮತ್ತೂರಿಗೆ ಮೂರು ಗಂಟೆ. ಎಲ್ಲಾ ಸೇರಿ ಎರಡೂವರೆ ಸಾವಿರ ಕಿಲೋಮೀಟರು.”

“ನಿನ್ನ ಕಿಲೋಮೀಟರು ಯಾರಿಗೆ ಬೇಕು? ಕೂನೂರಿಂದ ನಮ್ಮ ಹಟ್ಟಿಗೆ ಹನ್ನೆರಡೇ. ರಸ್ತೇಲಿ ಕಾಡುಕೋಣ ಅಡ್ಡ ನಿಂತ್ರೆ ಎಷ್ಟು ಹೊತ್ತು, ಅದನ್ನ ಹೇಳು.”

ಬೆಟ್ಟದವರಿಗೆ ದೂರವೆಂದರೆ ಹೊತ್ತು, ಕಿಲೋಮೀಟರಲ್ಲ.

ಹನ್ನೊಂದು ಗಂಟೆಯ ಹೊತ್ತಿಗೆ ಆ ಫೋನಿನ ಭೂಪಟದಲ್ಲಿ ದಿನೇಶ್‌ಕುಮಾರ್ ಕೂತಿದ್ದ ವಿಮಾನ, ಪುಟ್ಟ ಹಳದಿ ಗುರುತು, ದೆಹಲಿಯಿಂದ ದಕ್ಷಿಣಕ್ಕೆ ಸರಿಯತೊಡಗಿತು. ಹಟ್ಟಿಯ ಹೆಂಗಸರೆಲ್ಲ ಬಗ್ಗಿ ನೋಡುತ್ತಿದ್ದೆವು. ಕೊಯಮತ್ತೂರು ಬಂತು. ವಿಮಾನ ನಿಲ್ಲಲಿಲ್ಲ, ಊರು ದಾಟಿ ಪಾಲಕ್ಕಾಡಿನ ಕಡೆಗೆ ಹೊರಟೇಹೋಯಿತು.

“ಕೇರಳಕ್ಕೆ ಹೋಯ್ತಾ ಮಾಮಿ?” ಎಂದಳು ಕಲೈಸೆಲ್ವಿ. ಮುಖ ಬಿಳುಚಿಕೊಂಡಿತ್ತು. ನಾನು ಫೋನು ಕಸಿದುಕೊಂಡು ಕಣ್ಣಿನ ಹತ್ತಿರ ಹಿಡಿದೆ.

ಅಷ್ಟರಲ್ಲಿ ವಿಮಾನ ತಿರುಗಿತು. ನಮ್ಮ ಹಟ್ಟಿಯ ಬಸ್ಸೂ ಹಾಗೇ ತಾನೆ, ನಿಲ್ದಾಣ ದಾಟಿ ಟೀ ಫ್ಯಾಕ್ಟರಿ ಹತ್ತಿರ ತಿರುಗಿಸಿಕೊಂಡು ಬಂದು ನಿಲ್ಲುತ್ತದೆ. ವಿಮಾನವೂ ಬಂದು ಇಳಿಯಿತು.

ದೆಹಲಿಯಿಂದ ಬಂದದ್ದಕ್ಕಿಂತ ಹೆಚ್ಚು ಹೊತ್ತು ಘಟ್ಟ ಹತ್ತುವುದಕ್ಕೇ ಹಿಡಿಯಿತು. ಆಕಾಶದಲ್ಲಿ ಏನೂ ಆಗದವನು ಬರ್ಲಿಯಾರಿನ ತಿರುವುಗಳಲ್ಲಿ ವಾಂತಿ ಮಾಡಿಕೊಂಡಿದ್ದ. ಹೆಸರಿಗೆ ಬೆಟ್ಟದಲ್ಲಿ ಹುಟ್ಟಿದ ಮಗ. ಹೊತ್ತು ಮುಳುಗುವ ಮೊದಲು ಬಂದನಲ್ಲ, ಅಷ್ಟೇ ಸಾಕಿತ್ತು.

ಕೈಕಾಲು ತೊಳೆದು, ಬಿಳಿ ಪಂಚೆಯುಟ್ಟು, ಕನ್ನಿ ಹಿಡಿದು ನಿಂತ. ಕಟ್ಟುವ ಮುನ್ನ ಹೆಣ್ಣಿನ ಅಪ್ಪನ ಒಪ್ಪಿಗೆ ಕೇಳುವುದು ಪದ್ಧತಿ.

“ಮಾಮಾ, ಕಟ್ಟಲಾ?”

ಮಾದನ್ ಬಾಯಿ ತೆರೆದ. ಮಾತು ಹೊರಡಲಿಲ್ಲ, ಅಳುತ್ತಿದ್ದ. ದಿನೇಶ್‌ಕುಮಾರ್ ಮತ್ತೊಮ್ಮೆ ಕೇಳಿದ. ಈ ಹೊತ್ತಿನಲ್ಲಿ ಹೆಂಗಸರು ಬಾಯಿ ಹಾಕುವ ಹಾಗಿಲ್ಲ. ನನಗೆ ತಡೆಯಲಾಗಲಿಲ್ಲ.

“ಅಷ್ಟು ದೂರದಿಂದ ಬಂದು ಇನ್ನೇನು ಕೇಳ್ತಾ ನಿಂತಿದ್ದೀಯ? ಕಟ್ಟಪ್ಪ, ಕಟ್ಟು.”

ಅವನು ಕಟ್ಟಿದ. ಕಲೈಸೆಲ್ವಿ ನೂಲನ್ನು ಮುಟ್ಟಿ ಮುಟ್ಟಿ ನೋಡಿಕೊಂಡಳು.

ಮಾದನ್ ಕಣ್ಣೊರೆಸಿಕೊಂಡು ನನ್ನ ಕಡೆ ತಿರುಗಿದ. “ಮಿಲಿಟರಿಯವನಿಗೆ ಹೆಣ್ಣು ಕೊಟ್ಟವಳು ಈಗ ನೀನೇ, ನಂಜಕ್ಕ,” ಎಂದ.